ಮೊಸಳೆಯ ಕಿವಿ ಎಲ್ಲಿದೆ? ಸದ್ದು ಬಂದ ದಿಕ್ಕು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಈ ನೋಟ ಗೊತ್ತಿರುತ್ತದೆ. ಕಾವೇರಿಯ ನಡುವೆ ಒಂದು ಬಂಡೆ, ಅದರ ಮೇಲೆ ಬಾಯಿ ತೆರೆದುಕೊಂಡು ಬಿದ್ದಿರುವ ಮೊಸಳೆ. ದೋಣಿ ಹತ್ತಿರ ಹೋದರೂ ಅದು ಅಲುಗುವುದಿಲ್ಲ. ಹೋದ ಸಲ ನಾವು ಹೋದಾಗ ದೋಣಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಇದ್ದಳು, ಆರೇಳು ವರ್ಷ ಇರಬಹುದು. ಅಮ್ಮನನ್ನು ಕೇಳಿದಳು: "ಅದಕ್ಕೆ ಕಿವೀನೇ ಇಲ್ವಲ್ಲಮ್ಮ, ನಾವು ಮಾತಾಡೋದು ಕೇಳ್ಸುತ್ತಾ?" ಅಮ್ಮ ದೋಣಿಯವರ ಮುಖ ನೋಡಿದರು. ಅವರು ಹುಟ್ಟು ಹಾಕುತ್ತಲೇ "ಎಲ್ಲಾ ಕೇಳ್ಸುತ್ತೆ ಪುಟ್ಟಿ" ಅಂದರು.

ಅವರು ಹೇಳಿದ್ದು ಸರಿ. ಮೊಸಳೆಗೆ ಕಿವಿ ಇದೆ, ಚೆನ್ನಾಗಿಯೇ ಕೇಳಿಸುತ್ತದೆ. ಸದ್ದು ಯಾವ ಕಡೆಯಿಂದ ಬಂತು ಅನ್ನುವುದೂ ಅದಕ್ಕೆ ತಿಳಿಯುತ್ತದೆ. ಇದು ತಿಳಿದಿರಬೇಕಾದ ವಿಷಯ ಅಂತ ನನಗೆ ಅನ್ನಿಸಲು ಇನ್ನೊಂದು ಕಾರಣ ಇದೆ. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿದಾಗ ದಡದ ಊರುಗಳ ಹೊಲಕ್ಕೆ ಮೊಸಳೆ ಬಂತು ಅನ್ನುವ ಸುದ್ದಿ ಮತ್ತೆ ಮತ್ತೆ ಬರುತ್ತದೆ. ದಾಂಡೇಲಿಯಲ್ಲಂತೂ ಕಾಳಿ ನದಿಯ ಮೊಸಳೆಗಳು ಊರಿನ ಪಕ್ಕದಲ್ಲೇ ಬದುಕುತ್ತಿವೆ. ಸುಮ್ನೆ ಬಿದ್ದುಕೊಂಡಿದೆ, ಅದಕ್ಕೇನು ಗೊತ್ತಾಗುತ್ತೆ ಅಂತ ಅಂದುಕೊಳ್ಳುವವರು ಜಾಸ್ತಿ. ಅದಕ್ಕೆ ಏನೇನು ಗೊತ್ತಾಗುತ್ತದೆ, ಹೇಗೆ ಗೊತ್ತಾಗುತ್ತದೆ, ಇದನ್ನು ಮೊದಲಿನಿಂದ ನೋಡೋಣ.

ಯಾವ ಮೊಸಳೆ?

ಮೊಸಳೆ ಅಂತ ನಾವು ಒಂದೇ ಹೆಸರಿನಲ್ಲಿ ಕರೆದರೂ ಅದೊಂದು ದೊಡ್ಡ ಬಳಗ. ಅದರಲ್ಲಿ ಮೂರು ಮನೆತನಗಳಿವೆ. ನಿಜವಾದ ಮೊಸಳೆಗಳು, ಅಲಿಗೇಟರ್ ಮತ್ತು ಕೈಮನ್‌ಗಳು, ಉದ್ದ ಮೂತಿಯ ಘರಿಯಾಲ್. ಭಾರತದಲ್ಲಿ ಇರುವುದು ಮೂರು ಜಾತಿ: ಮಗ್ಗರ್, ಉಪ್ಪುನೀರಿನ ಮೊಸಳೆ, ಘರಿಯಾಲ್. ಕಾವೇರಿ, ಕಾಳಿ, ತುಂಗಭದ್ರೆ, ಕೃಷ್ಣೆಯಲ್ಲಿ ನಾವು ನೋಡುವುದು ಮಗ್ಗರ್.

ಮುಂದೆ ಬರುವ ಪ್ರಯೋಗಗಳೆಲ್ಲ ಬಹುಪಾಲು ಅಮೆರಿಕದ ಅಲಿಗೇಟರ್ ಮೇಲೆ, ಆಫ್ರಿಕದ ನೈಲ್ ಮೊಸಳೆಯ ಮೇಲೆ ಆದವು. ಕಿವಿಯ ಮೂಲ ರಚನೆ ಇಡೀ ಬಳಗದಲ್ಲಿ ಒಂದೇ ಥರ ಇರುವುದರಿಂದ ನಮ್ಮ ಮಗ್ಗರ್ ಅನ್ನು ಅರ್ಥ ಮಾಡಿಕೊಳ್ಳಲೂ ಅವು ಸಹಾಯ ಮಾಡುತ್ತವೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಈಗ ಬದುಕಿರುವ ಪ್ರಾಣಿಗಳಲ್ಲಿ ಮೊಸಳೆಗೆ ಅತಿ ಹತ್ತಿರದ ನೆಂಟರು ಹಲ್ಲಿಯೂ ಅಲ್ಲ, ಹಾವೂ ಅಲ್ಲ. ಹಕ್ಕಿಗಳು. ಬಂಡೆಯ ಮೇಲಿನ ಮೊಸಳೆಗೆ ಪಕ್ಕದ ಮರದ ಕೊಕ್ಕರೆ ದಾಯಾದಿ. ಇಬ್ಬರ ಪೂರ್ವಜರೂ ಸುಮಾರು 24 ಕೋಟಿ ವರ್ಷಗಳ ಹಿಂದೆ ಬೇರೆಯಾದರು. ಡೈನೋಸಾರ್‌ಗಳೂ ಇದೇ ಕುಟುಂಬದವು.

ಕಿವಿ ಇರುವ ಜಾಗ

ಮೊಸಳೆಯ ಕಣ್ಣಿನ ಹಿಂದೆ ಉದ್ದಕ್ಕೆ ಒಂದು ಗೆರೆ ಕಾಣುತ್ತದೆ, ಚರ್ಮದಲ್ಲಿ ಸೀಳಿದ ಹಾಗೆ. ಅದೇ ಕಿವಿ. ನಮ್ಮ ಹಾಗೆ, ಹಸುವಿನ ಹಾಗೆ ಹೊರಗೆ ಚಾಚಿದ ಹಾಲೆ ಅದಕ್ಕಿಲ್ಲ, ಅದರ ಬದಲು ಎರಡು ಮುಚ್ಚಳಗಳಿವೆ. ಮೇಲಿನದು ದೊಡ್ಡದು, ಅದಕ್ಕೆ ಸ್ನಾಯು ಅಂಟಿಕೊಂಡಿದೆ, ಮೊಸಳೆ ಅದನ್ನು ಬೇಕೆಂದಾಗ ತೆರೆದು ಮುಚ್ಚುತ್ತದೆ. ನೀರಿನಲ್ಲಿ ಮುಳುಗುವಾಗ ಮೂಗಿನ ಹೊಳ್ಳೆ ಮುಚ್ಚುವ ಹಾಗೆ ಕಿವಿಯೂ ಮುಚ್ಚಿಕೊಳ್ಳುತ್ತದೆ.

ಕಣ್ಣು, ಮೂಗು, ಕಿವಿ ಮೂರೂ ತಲೆಯ ಮೇಲ್ಭಾಗದಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಇದು ಆಕಸ್ಮಿಕ ಅಲ್ಲ. ಇಡೀ ಮೈ ನೀರಿನೊಳಗೆ ಇಟ್ಟುಕೊಂಡು, ಈ ಮೂರನ್ನು ಮಾತ್ರ ಮೇಲೆ ಬಿಟ್ಟು ತೇಲಬಹುದು. ನಮಗೆ ಕಾಣುವುದು ನೀರಿನ ಮೇಲೆ ಒಂದು ಮರದ ತುಂಡು, ಅದಕ್ಕೆ ಮಾತ್ರ ನೋಟ, ಉಸಿರು, ಸದ್ದು ಎಲ್ಲ ಸಿಗುತ್ತಿರುತ್ತದೆ.

ಮುಚ್ಚಳದ ಹಿಂದೆಯೇ ಕಿವಿತಮಟೆ. ತೆಳುವಾದ ಪೊರೆ, ಸದ್ದು ಬಡಿದಾಗ ಅದುರುತ್ತದೆ. ಈ ಅದುರುವಿಕೆಯನ್ನು ಒಳಗೆ ದಾಟಿಸಲು ನಮಗೆ ಮೂರು ಪುಟ್ಟ ಮೂಳೆಗಳಿವೆ, ಮೊಸಳೆಗೂ ಹಕ್ಕಿಗೂ ಒಂದೇ, ಕಡ್ಡಿಯಂಥದ್ದು. ಮೂಳೆಯ ಕೆಲಸ ಏನು ಅಂದರೆ, ಒಳಕಿವಿಯಲ್ಲಿ ಇರುವುದು ಗಾಳಿ ಅಲ್ಲ, ದ್ರವ. ಗಾಳಿಯಲ್ಲಿ ಬಂದ ಸದ್ದು ದ್ರವದೊಳಗೆ ಸುಲಭವಾಗಿ ಇಳಿಯುವುದಿಲ್ಲ. ಬಾವಿಯಲ್ಲಿ ಮುಳುಗಿ ಈಜುವವನನ್ನು ಕಟ್ಟೆಯ ಮೇಲೆ ನಿಂತು ಎಷ್ಟು ಕೂಗಿದರೂ ಅವನಿಗೆ ಸರಿಯಾಗಿ ಕೇಳಿಸುವುದಿಲ್ಲ ಅಲ್ವಾ? ಸದ್ದಿನ ಹೆಚ್ಚಿನ ಪಾಲು ನೀರಿನ ಮೇಲ್ಮೈಗೆ ಬಡಿದು ವಾಪಸ್ ಹೋಗುತ್ತದೆ. ಕಿವಿ ಈ ತೊಂದರೆಯನ್ನು ಮೊಳೆಯ ಉಪಾಯದಿಂದ ಬಗೆಹರಿಸಿಕೊಂಡಿದೆ. ಮೊಳೆಯ ಅಗಲವಾದ ತಲೆಗೆ ಬಿದ್ದ ಪೆಟ್ಟು ಚೂಪಾದ ತುದಿಯಲ್ಲಿ ಸೇರಿ ಗೋಡೆಗೆ ಇಳಿಯುತ್ತದೆ. ಹಾಗೆಯೇ ಅಗಲವಾದ ತಮಟೆಯ ಮೇಲೆ ಬಿದ್ದ ಒತ್ತಡ ಮೂಳೆಯ ಪುಟ್ಟ ತುದಿಗೆ ಸೇರಿ ದ್ರವವನ್ನು ತಳ್ಳುತ್ತದೆ.

ಒಳಕಿವಿಯಲ್ಲಿ ಸೂಕ್ಷ್ಮವಾದ ಕೂದಲಿನಂಥ ಎಳೆಗಳಿರುವ ಕೋಶಗಳು ಸಾಲಾಗಿ ಕೂತಿವೆ. ಸಾಲಿನ ಒಂದು ತುದಿ ದಪ್ಪ ಸದ್ದಿಗೆ, ಇನ್ನೊಂದು ತುದಿ ಸಣ್ಣ ಕೀಚಲು ಸದ್ದಿಗೆ ಅಲುಗುತ್ತದೆ. ಹಾರ್ಮೋನಿಯಂನ ಮನೆಗಳನ್ನು ಜೋಡಿಸಿದ ಹಾಗೆ. ಯಾವ ಮನೆ ಅಲುಗಿತೋ ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುತ್ತದೆ.

ಎಂಥ ಸದ್ದು ಕೇಳಿಸುತ್ತದೆ?

ಸದ್ದು ಅಂದರೆ ಗಾಳಿಯ ನಡುಕ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದನ್ನು ಹರ್ಟ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಡುಕ ಕಡಿಮೆ ಇದ್ದರೆ ದಪ್ಪ ಸದ್ದು, ಡೊಳ್ಳಿನ ಹಾಗೆ. ಜಾಸ್ತಿ ಇದ್ದರೆ ಸಣ್ಣ ಸದ್ದು, ಗೆಜ್ಜೆಯ ಹಾಗೆ. ಚೆನ್ನಾಗಿ ಕೇಳಿಸುವ ಎಳೆ ಮಕ್ಕಳಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ.

ಅಲಿಗೇಟರ್‌ಗೆ ಎಷ್ಟು? ಅದನ್ನು ಬಾಯಿಬಿಟ್ಟು ಕೇಳಲು ಆಗುವುದಿಲ್ಲ. ಹಾಗಾಗಿ ಅದರ ತಲೆಗೆ ಸೂಕ್ಷ್ಮ ತಂತಿಗಳನ್ನು ಜೋಡಿಸಿ, ಸದ್ದು ಕೇಳಿಸಿ, ಮಿದುಳಿನ ಬುಡದಲ್ಲಿ ವಿದ್ಯುತ್ ಮಿಡಿತ ಎದ್ದಿತೇ ಅಂತ ನೋಡುತ್ತಾರೆ. ಹುಟ್ಟಿದ ಮಕ್ಕಳ ಕಿವಿ ಪರೀಕ್ಷೆಗೂ ಇದೇ ಥರದ ವಿಧಾನ ಬಳಕೆಯಲ್ಲಿದೆ. 2002ರಲ್ಲಿ ಪ್ರಕಟವಾದ ಇಂಥ ಅಧ್ಯಯನದ ಪ್ರಕಾರ ಗಾಳಿಯಲ್ಲಿ ಅಲಿಗೇಟರ್ 100ರಿಂದ 8,000 ಹರ್ಟ್ಸ್‌ವರೆಗಿನ ಸದ್ದಿಗೆ ಸ್ಪಂದಿಸಿತು, ಸುಮಾರು 1,000 ಹರ್ಟ್ಸ್‌ನಲ್ಲಿ ಅದರ ಕಿವಿ ಅತಿ ಚುರುಕು. ನೀರಿನೊಳಗೆ ಈ ವ್ಯಾಪ್ತಿ 100ರಿಂದ 2,000ಕ್ಕೆ ಇಳಿಯಿತು, ಅಲ್ಲಿ ಚುರುಕಾದ ಜಾಗ 800.

ಅಂದರೆ ಬಾವಲಿಯ ಸಣ್ಣ ಕೂಗು ಅದಕ್ಕೆ ಕೇಳಿಸುವುದಿಲ್ಲ. ಆದರೆ ನಮ್ಮ ಮಾತು, ಮಗುವಿನ ಅಳು, ನಾಯಿಯ ಬೊಗಳು, ನೀರಿಗೆ ಕೊಡ ಅದ್ದಿದ ಸದ್ದು ಇವೆಲ್ಲ ಈ ವ್ಯಾಪ್ತಿಯೊಳಗೇ ಬರುತ್ತವೆ.

ದಿಕ್ಕು ತಿಳಿಯುವ ಲೆಕ್ಕ

ಕೇಳಿಸುವುದು ಬೇರೆ, ಎಲ್ಲಿಂದ ಬಂತು ಅಂತ ತಿಳಿಯುವುದು ಬೇರೆ. ಕಣ್ಣಿಗೆ ದಿಕ್ಕು ಸುಲಭ, ಎಡಗಡೆಯ ಬೆಳಕು ಕಣ್ಣಿನೊಳಗೆ ಒಂದು ಜಾಗಕ್ಕೆ, ಬಲಗಡೆಯದು ಇನ್ನೊಂದು ಜಾಗಕ್ಕೆ ಬೀಳುತ್ತದೆ. ಕಿವಿಗೆ ಆ ಅನುಕೂಲ ಇಲ್ಲ. ಎಲ್ಲ ಸದ್ದೂ ಅದೇ ತಮಟೆಯ ಮೇಲೆಯೇ ಬೀಳಬೇಕು. ಹಾಗಾಗಿ ಎರಡು ಕಿವಿಗಳನ್ನು ಹೋಲಿಸಿ ಲೆಕ್ಕ ಹಾಕಬೇಕು. ಈ ಲೆಕ್ಕಕ್ಕೆ ಎರಡು ಸುಳಿವುಗಳಿವೆ.

ಮೊದಲನೆಯದು ಸಮಯ. ಎಡಗಡೆ ಯಾರಾದರೂ ಚಪ್ಪಾಳೆ ತಟ್ಟಿದರೆ ಸದ್ದು ಎಡಕಿವಿಗೆ ಮೊದಲು ಮುಟ್ಟುತ್ತದೆ, ಬಲಕಿವಿಗೆ ಒಂದು ಚೂರು ತಡವಾಗಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳಲು ಮೂರು ಸೆಕೆಂಡ್ ಆದರೆ ಸಿಡಿಲು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರ ಅಂತ ನಾವು ಹೇಳುವುದು ಇದೇ ಲೆಕ್ಕದಲ್ಲಿ. ಆ ವೇಗದಲ್ಲಿ ನಮ್ಮ ತಲೆಯನ್ನು ಸುತ್ತಿ ಇನ್ನೊಂದು ಕಿವಿಗೆ ಹೋಗಲು ಹಿಡಿಯುವ ಸಮಯ ಹೆಚ್ಚೆಂದರೆ 0.7 ಮಿಲಿಸೆಕೆಂಡ್. ಸೆಕೆಂಡನ್ನು ಸಾವಿರ ತುಂಡು ಮಾಡಿದರೆ ಅದರಲ್ಲಿ ಒಂದು ತುಂಡಿಗಿಂತಲೂ ಕಡಿಮೆ.

ಎರಡನೆಯದು ಜೋರು. ತಲೆ ಅಡ್ಡ ಬರುವುದರಿಂದ ಆ ಕಡೆಯ ಕಿವಿಗೆ ಸದ್ದು ಸ್ವಲ್ಪ ಮೆತ್ತಗೆ ಕೇಳಿಸುತ್ತದೆ. ಗೋಡೆಯ ಮರೆಯಲ್ಲಿ ನಿಂತ ಹಾಗೆ. ಆದರೆ ಇದು ಸಣ್ಣ ಸದ್ದಿಗೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಊರಾಚೆ ಜಾತ್ರೆ ನಡೆಯುವಾಗ ಮನೆಯೊಳಗೆ ಕೂತರೂ ಡೊಳ್ಳಿನ ಧಿಂ ಧಿಂ ಕೇಳುತ್ತದೆ, ತಾಳದ ಕಿಣಿಕಿಣಿ ಕೇಳುವುದಿಲ್ಲ. ದಪ್ಪ ಸದ್ದಿನ ಅಲೆಗಳು ಉದ್ದ, 100 ಹರ್ಟ್ಸ್‌ನ ಒಂದು ಅಲೆ ಮೂರು ಮೀಟರಿಗಿಂತ ಜಾಸ್ತಿ. ಅಷ್ಟು ಉದ್ದದ ಅಲೆಗೆ ತಲೆ ಒಂದು ಅಡ್ಡಿಯೇ ಅಲ್ಲ, ಬಳಸಿಕೊಂಡು ಹೋಗಿಬಿಡುತ್ತದೆ.

ಈಗ ಮೊಟ್ಟೆಯಿಂದ ಆಗತಾನೇ ಹೊರಬಂದ ಮೊಸಳೆ ಮರಿಯನ್ನು ನೆನೆಸಿಕೊಳ್ಳಿ. ಅಂಗೈಯಲ್ಲಿ ಅದರ ತಲೆ ಹಿಡಿಸುತ್ತದೆ. ಎರಡು ಕಿವಿಗಳ ನಡುವೆ ಎರಡು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಸಮಯದ ವ್ಯತ್ಯಾಸ ಬರುವುದು 0.06 ಮಿಲಿಸೆಕೆಂಡ್, ನಮ್ಮದರ ಹತ್ತರಲ್ಲಿ ಒಂದು ಪಾಲು. ಜೋರಿನ ವ್ಯತ್ಯಾಸವಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಷ್ಟರಲ್ಲಿ ಅದು ಅಮ್ಮ ಯಾವ ಕಡೆ ಇದ್ದಾಳೆ ಅಂತ ತಿಳಿಯಬೇಕು. ಹೇಗೆ?

ತಲೆಯೊಳಗಿನ ಡೊಳ್ಳು

ನನಗೆ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆಗುಂಬೆ ಘಾಟಿಯೋ ಚಾರ್ಮಾಡಿಯೋ ಹತ್ತುವಾಗ ಬಸ್ಸಿನಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ಟಪ್ ಅಂತ ಬಿಡುತ್ತದೆ. ನಮ್ಮ ತಮಟೆಯ ಹಿಂದಿನ ಗಾಳಿ ಒಂದು ಸಣ್ಣ ಕೊಳವೆಯ ಮೂಲಕ ಗಂಟಲಿಗೆ ಸೇರುತ್ತದೆ. ಆ ಕೊಳವೆ ಸಾಮಾನ್ಯವಾಗಿ ಮುಚ್ಚಿರುತ್ತದೆ, ನುಂಗುವಾಗ ಕ್ಷಣ ಹೊತ್ತು ತೆರೆಯುತ್ತದೆ. ಅಂದರೆ ನಮ್ಮ ಎರಡು ಕಿವಿಗಳು ಎರಡು ಬೇರೆ ಬೇರೆ ಕೋಣೆಗಳು, ನಡುವೆ ಬಾಗಿಲು ಹಾಕಿದೆ.

ಮೊಸಳೆಯಲ್ಲಿ ಹಾಗಿಲ್ಲ. ಅದರ ಎಡ ತಮಟೆಯ ಹಿಂದಿನ ಗಾಳಿ ಮತ್ತು ಬಲ ತಮಟೆಯ ಹಿಂದಿನ ಗಾಳಿ ತಲೆಬುರುಡೆಯ ಮೂಳೆಗಳೊಳಗಿನ ಟೊಳ್ಳು ಹಾದಿಗಳ ಮೂಲಕ ಒಂದಕ್ಕೊಂದು ಸೇರಿಕೊಂಡಿವೆ. ಒಂದು ಹಾದಿ ಮಿದುಳಿನ ಮೇಲಿನಿಂದ ಹೋದರೆ ಇನ್ನೊಂದು ಕೆಳಗಿನಿಂದ. ಹಾಗಾಗಿ ಮೊಸಳೆಯ ತಲೆಯನ್ನು ಡೊಳ್ಳು ಅಂತ ಊಹಿಸಿಕೊಳ್ಳಿ. ಎರಡು ಬದಿಗೆ ಎರಡು ಚರ್ಮ, ಒಳಗೆ ಒಂದೇ ಗಾಳಿ. ಡೊಳ್ಳಿನ ಒಂದು ಬದಿಗೆ ಕೋಲು ಬಡಿದರೆ ಇನ್ನೊಂದು ಬದಿಯ ಚರ್ಮವೂ ನಡುಗುತ್ತದೆ, ಅಂಗೈ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಇದರಿಂದ ಏನು ಲಾಭ? ಮೊಸಳೆಯ ಪ್ರತಿ ತಮಟೆಗೂ ಸದ್ದು ಎರಡು ಕಡೆಯಿಂದ ಬರುತ್ತದೆ. ಹೊರಗಿನಿಂದ ನೇರವಾಗಿ, ಒಳಗಿನಿಂದ ಇನ್ನೊಂದು ಕಿವಿಯನ್ನು ದಾಟಿಕೊಂಡು. ತಮಟೆ ಎಷ್ಟು ಅಲುಗುತ್ತದೆ ಅನ್ನುವುದು ಈ ಎರಡು ತಳ್ಳಾಟಗಳ ವ್ಯತ್ಯಾಸದ ಮೇಲೆ ನಿಂತಿದೆ. ಒಂದು ಬಾಗಿಲನ್ನು ಇಬ್ಬರು ಮಕ್ಕಳು ಆಚೆಯಿಂದ ಒಬ್ಬ ಈಚೆಯಿಂದ ಒಬ್ಬ ಒಂದೇ ಸಮಯಕ್ಕೆ ಸಮನಾಗಿ ತಳ್ಳಿದರೆ ಅದು ಅಲುಗುವುದಿಲ್ಲ. ಒಬ್ಬ ತಳ್ಳುವ ಹೊತ್ತಿಗೆ ಇನ್ನೊಬ್ಬ ಎಳೆದರೆ ರಪ್ಪನೆ ಬೀಸುತ್ತದೆ.

ಸದ್ದು ಎಡಗಡೆಯಿಂದ ಬಂತು ಅನ್ನಿ. ಎಡ ತಮಟೆಗೆ ಹೊರಗಿನ ತಳ್ಳು ಕೂಡಲೇ ಸಿಗುತ್ತದೆ. ಒಳಗಿನ ತಳ್ಳು ಮಾತ್ರ ತಲೆ ಸುತ್ತಿ ಬಲಗಡೆಗೆ ಹೋಗಿ, ಅಲ್ಲಿಂದ ತಲೆಯೊಳಗೆ ಹಾದು ಬರಬೇಕು, ತಡವಾಗುತ್ತದೆ. ಎರಡೂ ಹೊಂದುವುದಿಲ್ಲ, ಹಾಗಾಗಿ ಎಡ ತಮಟೆ ಚೆನ್ನಾಗಿ ಅದುರುತ್ತದೆ. ಬಲ ತಮಟೆಯ ಕಥೆಯೇ ಬೇರೆ. ಅಲ್ಲಿಗೆ ಹೊರಗಿನ ಸದ್ದು ತಲೆ ಸುತ್ತಿಕೊಂಡು ಬರುತ್ತದೆ, ಒಳಗಿನ ಸದ್ದು ಎಡಗಿವಿಯಿಂದ ತಲೆಯೊಳಗೆ ಹಾದು ಬರುತ್ತದೆ. ಎರಡಕ್ಕೂ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಬಾಗಿಲನ್ನು ಎರಡೂ ಕಡೆಯಿಂದ ತಳ್ಳಿದ ಹಾಗಾಗಿ ಬಲ ತಮಟೆ ಸ್ವಲ್ಪವೇ ಅಲುಗುತ್ತದೆ. ಹೊರಗೆ ಇದ್ದ ಕೂದಲೆಳೆಯಷ್ಟು ವ್ಯತ್ಯಾಸ ತಮಟೆಯ ಮಟ್ಟಕ್ಕೆ ಬರುವಾಗ ದೊಡ್ಡದಾಗಿರುತ್ತದೆ.

ಇದು ಬರೀ ಊಹೆ ಅಲ್ಲ. 2014ರಲ್ಲಿ ಸಂಶೋಧಕರ ತಂಡವೊಂದು ಅಲಿಗೇಟರ್‌ಗಳ ತಮಟೆ ಹೇಗೆ ಅಲುಗುತ್ತದೆ ಅಂತ ಅಳೆದು ನೋಡಿತು. ಸದ್ದಿನ ದಿಕ್ಕು ಬದಲಾದಂತೆ ತಮಟೆಯ ಅಲುಗಾಟವೂ ಬದಲಾಯಿತು. ತಲೆಯ ಹೊರ ಆಕಾರ ಒಂದರಿಂದಲೇ ಅಷ್ಟು ಸುಳಿವು ಸಿಗಲು ಸಾಧ್ಯವಿಲ್ಲ ಅನ್ನುವುದೂ, ಎರಡು ಕಿವಿಗಳ ನಡುವೆ ಎಲ್ಲೂ ಕಡಿಯದ ಗಾಳಿಯ ಹಾದಿ ಇದೆ ಅನ್ನುವುದೂ ಅದೇ ಅಧ್ಯಯನದಲ್ಲಿ ಕಂಡಿತು. ಹಕ್ಕಿಗಳ ತಲೆಯಲ್ಲೂ ಇಂಥದ್ದೇ ಹಾದಿ ಇದೆ. ಹಾಗಾಗಿ ಡೈನೋಸಾರ್‌ಗಳಿಗೂ ಇದು ಇದ್ದಿರುವ ಸಾಧ್ಯತೆಯೇ ಹೆಚ್ಚು ಅಂತ ಅವರು ಬರೆದರು.

ಮಿದುಳಿನೊಳಗಿನ ಬೀದಿ

ಕಿವಿ ಸುಳಿವು ಕೊಟ್ಟಿತು. ಅದನ್ನು ಓದುವುದು ಮಿದುಳಿನ ಕೆಲಸ. ಒಂದು ಮಿಲಿಸೆಕೆಂಡಿನ ಚೂರನ್ನು ಅಳೆಯಲು ಮಿದುಳಿನಲ್ಲಿ ಗಡಿಯಾರ ಇಲ್ಲ. ಹಾಗಾದರೆ ಹೇಗೆ ಅಳೆಯುತ್ತದೆ? 1948ರಲ್ಲಿ ಲಾಯ್ಡ್ ಜೆಫ್ರೆಸ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ಉಪಾಯ ಸೂಚಿಸಿದರು. ಸಮಯವನ್ನು ಜಾಗವಾಗಿ ಬದಲಾಯಿಸಿದರೆ ಸಾಕು ಅಂತ.

ಒಂದು ನೇರವಾದ ಬೀದಿ. ಎರಡು ತುದಿಯಲ್ಲಿ ಅಣ್ಣ, ತಮ್ಮ. ಇಬ್ಬರೂ ಒಂದೇ ವೇಗದಲ್ಲಿ ಎದುರುಬದುರಾಗಿ ನಡೆಯುತ್ತಾರೆ. ಬೀದಿಯ ಪ್ರತಿ ಮನೆಯ ಜಗಲಿಯಲ್ಲೂ ಒಬ್ಬರು ಕೂತಿದ್ದಾರೆ, ಅವರ ಮನೆಯ ಮುಂದೆ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಅವರು ಕೈ ಎತ್ತುತ್ತಾರೆ. ಇಬ್ಬರೂ ಒಂದೇ ಸಮಯಕ್ಕೆ ಹೊರಟರೆ ನಡುಮನೆಯವರ ಕೈ ಮೇಲೇಳುತ್ತದೆ. ಅಣ್ಣ ಮೊದಲು ಹೊರಟಿದ್ದರೆ ಅವನು ಜಾಸ್ತಿ ದೂರ ಬಂದಿರುತ್ತಾನೆ, ತಮ್ಮನ ಕಡೆಯ ಯಾವುದೋ ಮನೆಯವರು ಕೈ ಎತ್ತುತ್ತಾರೆ. ಯಾರ ಕೈಯಲ್ಲೂ ಗಡಿಯಾರ ಬೇಡ. ಯಾವ ಮನೆಯ ಕೈ ಎದ್ದಿತು ಅಂತ ನೋಡಿದರೆ ಯಾರು ಎಷ್ಟು ಮೊದಲು ಹೊರಟರು ಅಂತ ಗೊತ್ತಾಗುತ್ತದೆ.

ಅಣ್ಣತಮ್ಮಂದಿರು ಎರಡು ಕಿವಿಗಳಿಂದ ಬರುವ ನರದ ಮಿಡಿತಗಳು. ಜಗಲಿಯವರು ಮಿದುಳಿನ ಬುಡದಲ್ಲಿ ಸಾಲಾಗಿರುವ ನರಕೋಶಗಳು. ಗೂಬೆ ಕತ್ತಲಲ್ಲಿ ಇಲಿಯ ಸರಸರ ಕೇಳಿ ಸರಿಯಾಗಿ ಅದರ ಮೇಲೇ ಎರಗುವುದು ಇಂಥ ಬೀದಿಯ ಬಲದಿಂದ ಅನ್ನುವುದು ಮುಂದೆ ಪ್ರಯೋಗಗಳಲ್ಲಿ ತಿಳಿಯಿತು. 2009ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕ್ಯಾಥರೀನ್ ಕಾರ್ ಮತ್ತು ಅವರ ಜೊತೆಗಾರರು ಅಲಿಗೇಟರ್‌ನ ಮಿದುಳಿನಲ್ಲೂ ಇದೇ ಬೀದಿ ಇದೆ ಅಂತ ತೋರಿಸಿದರು.

ಹತ್ತು ವರ್ಷದ ಮೇಲೆ, 2019ರಲ್ಲಿ, ಲುಟ್ಸ್ ಕೆಟ್ಲರ್ ಮತ್ತು ಕಾರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲಿಗೇಟರ್‌ಗಳಿಗೆ ಅರಿವಳಿಕೆ ಕೊಟ್ಟು ಮಲಗಿಸಿ, ಕಿವಿಗೆ ಇಯರ್‌ಫೋನ್ ಹಾಕಿದರು. ಒಂದು ಕಿವಿಗೆ ಸದ್ದನ್ನು ಚೂರು ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ಕೇಳಿಸುತ್ತಾ ಹೋದರು. ಇಯರ್‌ಫೋನ್ ಯಾಕೆ ಅಂದರೆ, ಎಷ್ಟು ಮೊದಲು ಎಷ್ಟು ತಡ ಅನ್ನುವುದು ಪೂರ್ತಿ ಅವರ ಕೈಯಲ್ಲೇ ಇರುತ್ತದೆ. ಯಾವ ತಡಕ್ಕೆ ಯಾವ ನರಕೋಶ ಕೈ ಎತ್ತುತ್ತದೆ ಅಂತ ಒಂದೊಂದಾಗಿ ಗುರುತು ಹಾಕಿದರು. ಸಿಕ್ಕ ನಕ್ಷೆ ಕೋಳಿ, ಗೂಬೆಗಳದ್ದನ್ನು ಹೋಲುತ್ತಿತ್ತು. ತಲೆಯ ಗಾತ್ರ ಬೇರೆ ಬೇರೆ ಆದರೂ ಈ ಲೆಕ್ಕದ ವಿಧಾನ ಬದಲಾಗಿಲ್ಲ. ಹಕ್ಕಿ ಮತ್ತು ಮೊಸಳೆ ಬೇರೆಯಾಗುವ ಮೊದಲೇ, ಇಬ್ಬರ ಪೂರ್ವಜರಲ್ಲೇ, ಈ ಏರ್ಪಾಡು ನೆಲೆಯಾಗಿತ್ತು ಅಂತ ಇದರಿಂದ ತಿಳಿಯುತ್ತದೆ. ನಮ್ಮಂಥ ಸಸ್ತನಿಗಳು ಇದೇ ಲೆಕ್ಕವನ್ನು ಬೇರೆ ದಾರಿಯಲ್ಲಿ ಮಾಡುತ್ತೇವೆ.

ಹಕ್ಕಿಯ ಜೊತೆಗಿನ ನೆಂಟಸ್ತಿಕೆ ಇನ್ನೊಂದು ಕಡೆಯೂ ಕಂಡಿತು. 2018ರಲ್ಲಿ ಜರ್ಮನಿಯ ಬೋಖುಮ್‌ನ ಸಂಶೋಧಕರು ಎಳೆಯ ನೈಲ್ ಮೊಸಳೆಗಳನ್ನು ಎಂಆರ್‌ಐ ಯಂತ್ರದೊಳಗೆ ಇಟ್ಟು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸಿದಾಗ, ಮಿದುಳಿನಲ್ಲಿ ಚುರುಕಾದ ಜಾಗಗಳು ಹಕ್ಕಿಗಳ ಮಿದುಳಿನ ಜಾಗಗಳಿಗೆ ಹೊಂದುತ್ತಿದ್ದವು.

ಎಚ್ಚರವಿದ್ದಾಗ ಏನು ಮಾಡುತ್ತದೆ?

ಮಲಗಿಸಿ ಅಳೆಯುವುದು ಒಂದು, ಎದ್ದು ಓಡಾಡುವ ಮೊಸಳೆ ಏನು ಮಾಡುತ್ತದೆ ಅನ್ನುವುದು ಇನ್ನೊಂದು. ಫ್ರಾನ್ಸ್‌ನ ನಿಕೊಲಾಸ್ ಮಾಥ್ವೊನ್ ಅವರ ತಂಡ ನೈಲ್ ಮೊಸಳೆಗಳಿಗೆ ತರಬೇತಿ ಕೊಟ್ಟಿತು. ಸದ್ದು ಬಂದ ಸ್ಪೀಕರ್ ಕಡೆಗೆ ಹೋದರೆ ತಿನ್ನಲು ಸಿಗುತ್ತದೆ ಅಂತ ಅವು ಕಲಿತವು. 2020ರಲ್ಲಿ ಬಂದ ಫಲಿತಾಂಶ: ಮೊಸಳೆ ಸಮಯ, ಜೋರು ಎರಡೂ ಸುಳಿವುಗಳನ್ನು ಬಳಸುತ್ತದೆ. ಮೊಸಳೆಗೂ ಕಲಿಸಬಹುದು ಅನ್ನುವುದೇ ಎಷ್ಟೋ ಜನಕ್ಕೆ ಹೊಸ ವಿಷಯ.

ನೀರಿನೊಳಗೆ ಲೆಕ್ಕ ತಪ್ಪುತ್ತದೆ

ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಎರಡು ಕಿವಿಗಳ ನಡುವಿನ ಸಮಯದ ವ್ಯತ್ಯಾಸ ಅಷ್ಟೇ ಕುಗ್ಗುತ್ತದೆ. ಕೆರೆಯಲ್ಲಿ ಮುಳುಗಿದ್ದಾಗ ಎಲ್ಲೋ ಕಲ್ಲಿಗೆ ಕಲ್ಲು ಬಡಿದ ಸದ್ದು ಎಲ್ಲ ಕಡೆಯಿಂದಲೂ ಬಂದ ಹಾಗೆ ಅನಿಸುತ್ತದೆ, ನಮಗೂ ಆಗುವ ಅನುಭವ ಅದು.

ಮೊಸಳೆಗೆ ಇಲ್ಲಿ ಕಿವಿಯ ಜೊತೆಗೆ ಇನ್ನೊಂದು ಸಾಧನ ಇದೆ. ಹತ್ತಿರದಿಂದ ತೆಗೆದ ಮೊಸಳೆಯ ಚಿತ್ರ ನೋಡಿ, ದವಡೆಯ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಒಂದೊಂದೂ ಒಂದು ಪುಟ್ಟ ಗುಬ್ಬು, ಒಳಗೆ ನರದ ತುದಿಗಳು. 2002ರಲ್ಲಿ ಡ್ಯಾಫ್ನಿ ಸೊವಾರೆಸ್ ಎಂಬ ವಿಜ್ಞಾನಿ ಕತ್ತಲಲ್ಲಿ, ಮುಖವನ್ನು ಅರ್ಧ ನೀರಿಗಿಟ್ಟುಕೊಂಡಿದ್ದ ಅಲಿಗೇಟರ್‌ಗಳ ಬಳಿ ನೀರಿನ ಒಂದು ಹನಿ ಬೀಳಿಸಿ ನೋಡಿದರು. ಬೇರೆ ಗದ್ದಲ ಹಾಕಿ ಕಿವಿಯ ಸಹಾಯ ಸಿಗದ ಹಾಗೆ ಮಾಡಿದ್ದರೂ ಅವು ಹನಿಯ ಕಡೆಗೆ ತಿರುಗಿದವು. ಚುಕ್ಕೆಗಳನ್ನು ಮುಚ್ಚಿದಾಗ ತಿರುಗಲಿಲ್ಲ. ಹನಿ ಬಿದ್ದು ಎದ್ದ ಅಲೆ ಚುಕ್ಕೆಗಳಿಗೆ ತಾಗಿದ್ದೇ ಸುಳಿವು. ಈ ಚುಕ್ಕೆಗಳು ನಮ್ಮ ಬೆರಳ ತುದಿಗಿಂತ ಸೂಕ್ಷ್ಮ ಅಂತ ಆಮೇಲೆ ಗೊತ್ತಾಯಿತು. ಅಲಿಗೇಟರ್‌ಗೆ ಇವು ಮುಖದ ಮೇಲೆ ಮಾತ್ರ. ಮಗ್ಗರ್‌ನಂಥ ನಿಜ ಮೊಸಳೆಗಳಿಗೂ ಘರಿಯಾಲ್‌ಗೂ ಇಡೀ ಮೈಮೇಲೆ.

ಇಷ್ಟೆಲ್ಲ ಯಾತಕ್ಕೆ?

ಬೇಟೆಗೆ ಅಂತ ಥಟ್ಟನೆ ಹೊಳೆಯುತ್ತದೆ. ಅದು ಇದೆ. ಆದರೆ ಮೊಸಳೆಯ ಬದುಕಿನಲ್ಲಿ ಸದ್ದಿನ ಪಾತ್ರ ಅದಕ್ಕಿಂತ ದೊಡ್ಡದು. ಇದೊಂದು ಮಾತಾಡುವ ಪ್ರಾಣಿ. ಗಂಡು ಅಲಿಗೇಟರ್ ಗರ್ಜಿಸುವಾಗ ನಮ್ಮ ಕಿವಿಗೆ ಸಿಗದಷ್ಟು ದಪ್ಪ ಸದ್ದೂ ಹೊರಡುತ್ತದೆ, ಅದರ ಬೆನ್ನಿನ ಮೇಲಿನ ನೀರು ಕಾದ ಬಾಣಲೆಗೆ ಬಿದ್ದ ಹನಿಗಳ ಹಾಗೆ ಕುಣಿಯುತ್ತದೆ. ಗಂಡು ಘರಿಯಾಲ್‌ನ ಮೂತಿಯ ತುದಿಯಲ್ಲಿ ಮಡಕೆಯಂಥ ಗುಬ್ಬು ಇರುತ್ತದೆ. ಹಿಂದಿಯಲ್ಲಿ ಮಡಕೆಗೆ ಘಡಾ ಅನ್ನುತ್ತಾರೆ, ಹೆಸರು ಬಂದಿದ್ದು ಅದರಿಂದಲೇ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊಟ್ಟೆಯೊಳಗಿನ ಕೂಗು. ಮಗ್ಗರ್ ತಾಯಿ ಬೇಸಿಗೆಯ ಶುರುವಿನಲ್ಲಿ ದಡದ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತದೆ. ಎರಡು ತಿಂಗಳ ಆಸುಪಾಸಿನಲ್ಲಿ ಮರಿ ಬಲಿಯುತ್ತದೆ. ಹೊರಬರುವ ಹೊತ್ತು ಬಂದಾಗ ಮರಿಗಳು ಚಿಪ್ಪಿನೊಳಗಿಂದಲೇ ಕೂಗಲು ಶುರು ಮಾಡುತ್ತವೆ. 2008ರಲ್ಲಿ ಅಮೇಲಿ ವೆರ್ನ್ ಮತ್ತು ಮಾಥ್ವೊನ್ ನೈಲ್ ಮೊಸಳೆಗಳಲ್ಲಿ ಈ ಕೂಗನ್ನು ಪರೀಕ್ಷಿಸಿದರು. ಧ್ವನಿಮುದ್ರಿಸಿದ ಕೂಗನ್ನು ಇತರ ಮೊಟ್ಟೆಗಳಿಗೆ ಕೇಳಿಸಿದಾಗ ಒಳಗಿನ ಮರಿಗಳೂ ಕೂಗಿ, ಅಲುಗಾಡಿ, ಬೇಗ ಹೊರಬಂದವು. ಬೇರೆ ಥರದ ಗದ್ದಲ ಕೇಳಿಸಿದರೆ ಹಾಗಾಗಲಿಲ್ಲ. ಗೂಡಿನ ಬಳಿ ಸ್ಪೀಕರ್ ಹೂತು ಅದೇ ಕೂಗು ಕೇಳಿಸಿದಾಗ ತಾಯಂದಿರು ಬಂದು ಮಣ್ಣು ಅಗೆದರು.

ತಾಯಿ ಅಗೆಯದಿದ್ದರೆ ಗಟ್ಟಿಯಾದ ಮಣ್ಣಿನಡಿಯಿಂದ ಮರಿಗಳು ಹೊರಬರುವುದು ಕಷ್ಟ. ಬೇಗ ಅಗೆದರೆ ಮೊಟ್ಟೆ ಹಾಳು, ತಡವಾದರೆ ಮರಿ ಹಾಳು. ಮಣ್ಣಿನಡಿಯಿಂದ ಬರುವ ಆ ಸಣ್ಣ ಸದ್ದು ಅವಳ ಕಿವಿಗೆ ಬೀಳಬೇಕು, ಎಲ್ಲಿಂದ ಬಂತು ಅಂತ ತಿಳಿಯಬೇಕು. ಆಮೇಲೆ ಆ ದೊಡ್ಡ ದವಡೆಯಲ್ಲಿ ಮರಿಗಳನ್ನು ಎತ್ತಿಕೊಂಡು ನೀರಿಗೆ ಬಿಡುತ್ತಾಳೆ. ಚೆನ್ನೈ ಹತ್ತಿರ 1976ರಲ್ಲಿ ಶುರುವಾದ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್‌ನಲ್ಲಿ ಗಂಡು ಮಗ್ಗರ್ ಕೂಡ ಮರಿಗಳನ್ನು ಬಾಯಲ್ಲಿ ಹೊತ್ತು ಸಾಗಿಸಿದ್ದನ್ನು ಕಂಡಿದ್ದಾರೆ.

ಅಳುವಿನ ಸದ್ದು

2023ರಲ್ಲಿ ಮಾಥ್ವೊನ್ ಮತ್ತು ಜೊತೆಗಾರರು ಮೊರಾಕೋದ ಅಗಾದಿರ್‌ನ ಮೊಸಳೆ ಉದ್ಯಾನದಲ್ಲಿ ನೈಲ್ ಮೊಸಳೆಗಳಿಗೆ ಮನುಷ್ಯರ, ಚಿಂಪಾಂಜಿಗಳ, ಚಿಂಪಾಂಜಿಯ ಹತ್ತಿರದ ನೆಂಟರಾದ ಬೊನೊಬೊ ವಾನರಗಳ ಶಿಶುಗಳ ಅಳು ಕೇಳಿಸಿದರು. ಬಹಳಷ್ಟು ಮೊಸಳೆಗಳು ಸ್ಪೀಕರ್ ಇದ್ದ ಕಡೆಗೇ ಈಜಿ ಬಂದವು. ಅಳುವಿನಲ್ಲಿ ಸಂಕಟ ಹೆಚ್ಚಿದಷ್ಟೂ, ಅಂದರೆ ಸ್ವರ ಒಡೆದು ಕರ್ಕಶವಾದಷ್ಟೂ, ಅವುಗಳ ಸ್ಪಂದನೆ ಹೆಚ್ಚಾಯಿತು. ನಾವು ಮನುಷ್ಯರು ಅಳುವಿನ ಸಂಕಟವನ್ನು ಬಹುಪಾಲು ಸ್ವರದ ಎತ್ತರದಿಂದ ಅಳೆಯುತ್ತೇವೆ, ಬೊನೊಬೊ ಶಿಶುವಿನ ವಿಷಯದಲ್ಲಿ ಅದರಿಂದಲೇ ತಪ್ಪುತ್ತೇವೆ. ಮೊಸಳೆ ನೋಡಿದ್ದು ಸ್ವರದ ಒಡಕನ್ನು. ಬಂದ ಮೊಸಳೆಗಳಲ್ಲಿ ಹೆಚ್ಚಿನವು ಬೇಟೆಗೆ ಬಂದವು ಅಂತ ಸಂಶೋಧಕರ ಅಂದಾಜು. ಆದರೆ ಒಂದು ಮೊಸಳೆ ಸ್ಪೀಕರ್‌ನ ಮುಂದೆ ಅದನ್ನು ಕಾಯುವ ಹಾಗೆ ನಿಂತಿತ್ತು, ಅದು ಮರಿಯನ್ನು ಕಾಯುವ ನಡವಳಿಕೆಯನ್ನು ಹೋಲುತ್ತಿತ್ತು.

ದಡದಲ್ಲಿ ಇರುವವರಿಗೆ

ನದಿಯ ದಡದಲ್ಲಿ ಬದುಕುವವರಿಗೆ ಇದರಿಂದ ಕೆಲವು ಮಾತು ನೇರವಾಗಿ ಸಿಗುತ್ತದೆ. ಅಲುಗದ ಮೊಸಳೆ ಕಿವುಡು ಅಲ್ಲ, ನಿದ್ದೆಯಲ್ಲೂ ಇರಲಿಕ್ಕಿಲ್ಲ. ಮುಳುಗಿದ ಮೊಸಳೆಗೆ ನಾವು ಕಾಣದೆ ಇರಬಹುದು, ಆದರೆ ಕತ್ತಲಲ್ಲಿ ಒಂದು ಹನಿಗೆ ತಿರುಗುವ ಬಳಗ ಅದು, ದಡದಲ್ಲಿ ಕೊಡ ಅದ್ದಿದ ಅಲೆ ಅದಕ್ಕೆ ತಲುಪುತ್ತದೆ. ಮಕ್ಕಳು ನೀರಿನಂಚಿನಲ್ಲಿ ಆಡುವ ಕಡೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಮೇ, ಜೂನ್ ಹೊತ್ತಿಗೆ ಸಂಬಂಧಿಸಿದ್ದು. ಮೊದಲ ಮಳೆಯ ಆಸುಪಾಸಿನಲ್ಲಿ ಹೊಳೆಯ ಅಂಚಿನ ಜೊಂಡಿನಿಂದಲೋ ದಡದ ಮಣ್ಣಿನಿಂದಲೋ ಗಂಟಲಿನಿಂದ ಹೊರಟ ಹಾಗೆ ಗಿಡ್ಡ ಗಿಡ್ಡ ಕೂಗು ಸಾಲಾಗಿ ಕೇಳಿಬಂದರೆ, ಕಪ್ಪೆಯೋ ಹಕ್ಕಿಮರಿಯೋ ಅಂತ ನೋಡಲು ಬಗ್ಗಬೇಡಿ. ನಿಮಗೆ ಕೇಳಿದ್ದು ತಾಯಿಗೂ ಕೇಳಿದೆ, ಅವಳು ಹೊರಟಿರುತ್ತಾಳೆ.